ಮುಟ್ಟುವ ತನಕ ಕಸ ಹೊಡೆಯಬಾರದು

ನಮ್ಮ ಮನೆಯಿಂದ ಯಾರಾದರೂ ದೂರದ ಊರಿಗೆ ಹೊರಟರೆ, ಅವರು ಹೋಗಿ ಮುಟ್ಟುವ ತನಕ ಕಸ ಹೊಡೆಯುವಂತಿಲ್ಲ. ಇದು ನನ್ನ ಅತ್ತೆಯ ಕಾನೂನು. ಅವಳಿಗೆ ಅವಳ ಅತ್ತೆಯಿಂದ ಬಂದದ್ದು. ಹೋದವರ ಹೆಜ್ಜೆಗಳು ನೆಲದ ಮೇಲೆ ಇರುತ್ತವಂತೆ. ಕಸಬರಿಗೆ ಆಡಿಸಿದರೆ ಅವು ಅಳಿಸಿಹೋಗಿ, ಹೋದವರು ನಡುದಾರಿಯಲ್ಲೇ ಉಳಿಯುತ್ತಾರಂತೆ. ಬೀದರಿನಲ್ಲಿ ಬಿ.ಎ. ಮುಗಿಸಿ, ಬಿ.ಎಡ್. ಕೂಡ ಮಾಡಿಕೊಂಡು ಮೊಗುಡಂಪಲ್ಲಿ ಹತ್ತಿರದ ಈ ಹಳ್ಳಿಗೆ ಸೊಸೆಯಾಗಿ ಬಂದ ನಾನು ಇದನ್ನು ಮೊದಲ ಸಲ ಕೇಳಿದಾಗ, ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದೆ. ಈಗ ನಗು ಬರುವುದಿಲ್ಲ. ಈಗ ಆ ಮಾತು ನೆನೆದರೆ ಸೊಂಟ ನೋಯುತ್ತದೆ.

ಆಗಿನ ಕಾಲಕ್ಕೆ ಈ ಪದ್ಧತಿಯಿಂದ ಯಾರಿಗೂ ತ್ರಾಸು ಇರಲಿಲ್ಲ. ನಮ್ಮದು ಕುರಿ ಸಾಕುವ ಮನೆ. ಜೊತೆಗೆ ಒಂದಿಷ್ಟು ತೊಗರಿ, ಜೋಳ. ನನ್ನ ಮಾವ ಬದುಕಿದ್ದಾಗ ಬೇಸಿಗೆ ಬಂತೆಂದರೆ ಕುರಿ ಹೊಡೆದುಕೊಂಡು ಕೊಡಂಗಲ್ ಕಡೆಗೆ ಹೋಗುತ್ತಿದ್ದರಂತೆ. ಸಂಜೆಗೆ ಎಲ್ಲೋ ಒಂದು ಹೊಲದಲ್ಲಿ ಕುರಿ ತರುಬಿ, ಒಲೆ ಹೂಡಿ, ಆ ದಾರಿಯಲ್ಲಿ ಬರುವ ಯಾರ ಕೈಯಲ್ಲಾದರೂ ಮಾತು ಹೇಳಿ ಕಳಿಸುತ್ತಿದ್ದರು. ಮಾರನೆಯ ದಿನ ಜಹೀರಾಬಾದ್ ಸಂತೆಗೆ ಬಂದವನೊಬ್ಬ ಅಂಗಳದಲ್ಲಿ ನಿಂತು ‘ನಿಮ್ಮವರು ಮುಟ್ಯಾರ’ ಎಂದರೆ ಮುಗಿಯಿತು, ಅತ್ತೆ ಕಸಬರಿಗೆ ಹಿಡಿಯುತ್ತಿದ್ದಳು. ಒಂದು ದಿನದ ಕಸ ಎಷ್ಟಿದ್ದೀತು?

ನನಗೆ ಮಾತ್ರ ಈ ಕಾನೂನಿನಿಂದ ಮಾಫಿ ಇತ್ತು. ನಾನು ಗಡಿಯಾಚೆ ಬೀದರ ಜಿಲ್ಲೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಬೆಳಿಗ್ಗೆ ತೆಲಂಗಾಣದಲ್ಲಿ ರೊಟ್ಟಿ ಬಡಿದು, ಕರ್ನಾಟಕದಲ್ಲಿ ಹಾಜರಿ ಕರೆದು, ಸಂಜೆ ಮತ್ತೆ ತೆಲಂಗಾಣಕ್ಕೆ ಬಂದು ಕುರಿಮರಿಗಳಿಗೆ ನೀರಿಡುವವಳು. ರಾಜ್ಯ ದಾಟಿದ್ದು ಟಂಟಂ ಆಟೊ ಕುಲುಕುವ ರೀತಿಯಿಂದಲೇ ಗೊತ್ತಾಗುತ್ತದೆ. ‘ಅತ್ತಿ, ನಾ ಸಾಲಿ ಮುಟ್ಟೂ ತನಾ ಕಸ ಹೊಡೀಬ್ಯಾಡ್ರಿ ಮತ್ತ’ ಎಂದು ನಾನು ಚುಡಾಯಿಸಿದರೆ, ‘ದಿನಾ ಹೋಗಾಕಿ, ನಿಂದೇನ್ ಮುಟ್ಟೂದು, ಬಿಡು’ ಎನ್ನುತ್ತಿದ್ದಳು. ಅವಳ ಪ್ರಕಾರ ಸಂಜೆಗೆ ತಿರುಗಿ ಬರುವವರು ಹೋದವರೇ ಅಲ್ಲ.

ನನ್ನ ಗಂಡ ಕುರಿ ಹಿಂದೆ ಹೋಗಲಿಲ್ಲ. ಹುಡುಗರಾಗಿದ್ದಾಗಲೇ ತಾಂಡೂರಿಗೆ ಹೋಗಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಸೇರಿಕೊಂಡವರು. ಆಮೇಲೆ ಫರಸಿ ಹಾಸುವುದನ್ನು ಕಲಿತರು. ತಾಂಡೂರಿನ ನೀಲಿ ಕಲ್ಲನ್ನು ನಮ್ಮ ಕಡೆ ಫರಸಿ ಎನ್ನುತ್ತೇವೆ, ಅದರ ನೆಲಕ್ಕೂ ಫರಸಿ ಎಂದೇ ಹೆಸರು. ನಮ್ಮವರು ಹಾಸಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತದೆ ಎಂದು ಜನ ಹೇಳುತ್ತಾರೆ. ಮನುಷ್ಯ ಮಾತ್ರ ಇಟ್ಟಲ್ಲಿ ನಿಲ್ಲುವವರಲ್ಲ. ಮದುವೆಯಾದ ಮೂರನೆಯ ವರ್ಷ ತಾಂಡೂರಿನ ಒಬ್ಬ ಗುತ್ತೇದಾರ ಆಫ್ರಿಕಾದ ದಾರ್ ಎಸ್ ಸಲಾಮ್ ಎಂಬ ಊರಿನಲ್ಲಿ ದೊಡ್ಡ ದೊಡ್ಡ ಕಟ್ಟಡಗಳಿಗೆ ಕಲ್ಲು ಹಾಸುವ ಕೆಲಸ ಹಿಡಿದಿದ್ದಾನೆಂದು ಬಂದು ಹೇಳಿದರು. ಹೇಳುವಾಗಲೇ ಅವರ ಕಣ್ಣು ಮನೆಯಲ್ಲಿರಲಿಲ್ಲ.

ಹೊರಡುವ ಹಿಂದಿನ ದಿನ ಅತ್ತೆ ನನ್ನ ಹತ್ತಿರ ಬಂದು ಕೂತಳು. ‘ಯವ್ವ, ಎಷ್ಟ್ ಹೊತ್ತಿನ ಹಾದಿ ಅದ ಅದು? ನಿನ್ನ ಫೋನ್‌ನಾಗ ನೋಡಿ ಹೇಳು.’

ನಾನು ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿ ಹುಡುಕಿದೆ. ಒಂದು ನಕ್ಷೆ ಬಂತು. ಹೈದರಾಬಾದಿನ ಶಂಶಾಬಾದಿನಿಂದ ಎದ್ದ ಒಂದು ಗೆರೆ ಅರಬ್ಬೀ ಸಮುದ್ರದ ಮೇಲೆ ಬಿಲ್ಲಿನಂತೆ ಬಾಗಿ ಆಫ್ರಿಕಾದ ದಂಡೆಗೆ ಹೋಗಿ ಇಳಿದಿತ್ತು. ಐದು ಸಾವಿರ ಕಿಲೋಮೀಟರಿನ ಮೇಲೆ ಚಿಲ್ಲರೆ. ಹಾರುವ ಸಮಯ ಸುಮಾರು ಆರೂವರೆ ಗಂಟೆ. ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದೆ.

‘ಆರೂವರೆ ತಾಸಾ?’ ಅತ್ತೆಯ ಮುಖ ಅರಳಿತು. ‘ಇಷ್ಟಕ್ಕ ನಾ ನಾಕ್ ದಿನದಿಂದ ನಿದ್ದಿ ಗೆಟ್ಟೀನಿ ನೋಡು. ನಮ್ಮ ಹುಡುಗಿ ಮನಿಗಿ ಹೋಗಿ ಬಂದಂಗ ಆತು.’

ಹುಡುಗಿ ಎಂದರೆ ನನ್ನ ನಾದಿನಿ. ನಾರಾಯಣಖೇಡದ ಹತ್ತಿರ ಕೊಟ್ಟಿದ್ದಾರೆ. ಅಲ್ಲಿಗೆ ಹೋಗುವುದೆಂದರೆ ಜಹೀರಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಕೂತು ಕೂತು, ಬಂದ ಬಸ್ಸಿನಲ್ಲಿ ನಿಂತು ನಿಂತು, ಇಳಿದ ಮೇಲೆ ಮತ್ತೆ ಟಂಟಂ ಹುಡುಕಿ, ಹೋಗಿ ಬರುವುದರಲ್ಲಿ ಹಗಲೆಲ್ಲ ಸವೆಯುತ್ತದೆ. ಆಫ್ರಿಕಾ ಅದಕ್ಕಿಂತ ಹತ್ತಿರವೆಂದು ಅತ್ತೆ ತೀರ್ಮಾನಿಸಿದಳು. ಗೆರೆ ನೋಡಿದ ನನಗೂ ಹಾಗೇ ಅನಿಸಿತ್ತು ಎಂಬುದನ್ನು ಯಾಕೆ ಮುಚ್ಚಿಡಲಿ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ದೂರದ ದಾರಿ ಅದಕ್ಕಿಂತ ನುಣ್ಣಗೆ.

ಬೆಳಿಗ್ಗೆ ನಮ್ಮವರು ರೊಟ್ಟಿ ಕಟ್ಟಿಸಿಕೊಂಡು ಹೊಸ್ತಿಲು ದಾಟಿದರು. ಅತ್ತೆ ಬಸ್ಸಿನ ತನಕ ಹೋಗಿ ಕಳಿಸಿ ಬಂದಳು. ನಾನು ಶಾಲೆಗೆ ಹೋದೆ. ಸಂಜೆ ತಿರುಗಿ ಬಂದು ನೋಡಿದರೆ ಮನೆ ಥಳಥಳ ಎನ್ನುತ್ತಿತ್ತು. ಮನೆಯೆಲ್ಲ ಗುಡಿಸಿ, ಅಂಗಳಕ್ಕೆ ಸಗಣಿ ನೀರು ಹೊಡೆದು, ರಂಗೋಲಿ ಬೇರೆ ಹಾಕಿದ್ದಳು. ಹೊಸ್ತಿಲು ದಾಟಿದ ಗಳಿಗೆಯಿಂದ ಆರೂವರೆ ತಾಸು ಹಿಡಿದಿದ್ದಳು. ‘ಮುಟ್ಟಿರ್ತಾನ ಈಗ’ ಎಂದು ಚಹಾ ಸೋಸುತ್ತಿದ್ದಳು. ಅಷ್ಟರಲ್ಲಿ ಫೋನು ಬಂತು. ನಮ್ಮವರು ಶಂಶಾಬಾದಿನ ನಿಲ್ದಾಣದ ಹೊರಗೆ ಒಂದು ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು. ಒಳಗೆ ಬಿಡುವುದಕ್ಕೇ ಇನ್ನೂ ಹೊತ್ತಿತ್ತು.

ನಾನು ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು. ಯಾಕೆಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ಕಡೆ ಒಬ್ಬರು ಮನೆಯಿಂದ ಹೊರಗೆ ಹೋದ ಬೆನ್ನಿಗೇ ಕಸ ಹೊಡೆಯುವುದು ಒಂದೇ ಸಂದರ್ಭದಲ್ಲಿ, ಹೆಣ ಎತ್ತಿದ ಮೇಲೆ. ನಾಲ್ಕು ಮಂದಿ ಹೊತ್ತುಕೊಂಡು ಅಂಗಳ ದಾಟಿದ ಕೂಡಲೇ ಹೆಂಗಸರು ಮನೆ ಗುಡಿಸಿ ತೊಳೆಯುತ್ತಾರೆ. ಹಾದಿಯಲ್ಲಿರುವ ಮಗನ ಹಿಂದೆ ಅವಳು ಕಸ ಹೊಡೆದಿದ್ದಳು. ‘ಹೆಣ ಹೋದ ಮ್ಯಾಗ ಹೊಡೀತಾರ ಹಿಂಗ’ ಎನ್ನುತ್ತಾ ಚಹಾ ಅಲ್ಲೇ ಬಿಟ್ಟು ಎದ್ದಳು.

ಆಮೇಲೆ ಅವಳು ಮಾಡಿದ್ದನ್ನು ನಾನು ಎಲ್ಲೂ ಕಂಡಿಲ್ಲ, ಕೇಳಿಲ್ಲ. ಬುಟ್ಟಿ ತೆಗೆದುಕೊಂಡು ತಿಪ್ಪೆಗೆ ಹೋದಳು. ತಾನು ಚೆಲ್ಲಿ ಬಂದ ಕಸವನ್ನು, ಬೇರೆಯವರ ಮನೆಯದು ಸೇರದಂತೆ ಆರಿಸಿ ಆರಿಸಿ, ಬುಟ್ಟಿಯಲ್ಲಿ ತುಂಬಿಕೊಂಡು ತಂದು ಪಡಸಾಲೆಯಲ್ಲಿ ಹರವಿದಳು. ಉಳ್ಳಾಗಡ್ಡಿ ಸಿಪ್ಪೆ, ಕುರಿ ಹಿಕ್ಕೆ, ತೊಗರಿ ಹೊಟ್ಟು, ನನ್ನ ತಲೆಗೂದಲ ಉಂಡೆ, ಎಲ್ಲ ತಿರುಗಿ ಮನೆಗೆ ಬಂದವು. ಹರವಿ ಮುಗಿದ ಮೇಲೆ ನನ್ನ ಕಡೆ ತಿರುಗಿದಳು.

‘ನಿನ್ನ ಫೋನಿಗಿ ಬೆಂಕಿ ಹಚ್ಚಲಿ. ಇನ್ಮ್ಯಾಗ ಅದು ಹೇಳಿದ್ದು ನನಗ ಹೇಳಬ್ಯಾಡ. ನನ್ನ ಮಗ ತನ್ನ ಬಾಯಿಲೆ ಹೇಳ್ಬೇಕು.’

ನಿಜಕ್ಕೂ ಆ ಗೆರೆಯ ಮೇಲೆ ಯಾವ ವಿಮಾನವೂ ಹಾರುವುದಿಲ್ಲ. ಮೊದಲು ಅರಬರ ಊರೊಂದಕ್ಕೆ ಹೋಗಬೇಕು. ಅಲ್ಲಿ ಇಳಿದು, ಕುರ್ಚಿಯ ಮೇಲೆ ಕೂತು, ಕಾಲ ಹತ್ತಿರ ಚೀಲ ಇಟ್ಟುಕೊಂಡು ತೂಕಡಿಸಬೇಕು. ಆಮೇಲೆ ಇನ್ನೊಂದು ವಿಮಾನ. ಅದಕ್ಕೂ ಮೊದಲು ನಮ್ಮೂರಿಂದ ಜಹೀರಾಬಾದ್, ಅಲ್ಲಿಂದ ಹೈದರಾಬಾದಿನ ಬಸ್ಸು, ಊರಿನ ಈ ತುದಿಯಲ್ಲಿ ಇಳಿದು ಆ ತುದಿಗೆ ಹೋಗುವ ಇನ್ನೊಂದು ಬಸ್ಸು. ಆ ಕಡೆ ಇಳಿದ ಮೇಲೂ ಗುತ್ತೇದಾರನ ವ್ಯಾನು ಬರುವ ತನಕ ಕಾಯಬೇಕು. ಫೋನು ತೋರಿಸಿದ ಆರೂವರೆ ಗಂಟೆ ಯಾರೂ ಯಾವತ್ತೂ ಮಾಡದ ಪ್ರಯಾಣದ ಸಮಯ. ಹಕ್ಕಿಯೊಂದು ಊಟ ನಿದ್ದೆ ಬಿಟ್ಟು ಹಾರಿದರೆ ಏನೋ.

ಮಾರನೆಯ ದಿನ ಸಂಜೆ ನಮ್ಮವರು ದಾರ್ ಎಸ್ ಸಲಾಮಿನಿಂದ ಫೋನು ಮಾಡಿದಾಗ ನಾನು ನಡೆದದ್ದನ್ನು ಹೇಳಿದೆ. ನಕ್ಕು ನಕ್ಕು ಸಾಕಾಗಿ, ‘ಅವ್ವಗ ಕೊಡು’ ಎಂದರು. ಅವಳಿಗೆ ಹೇಳಿದರು: ‘ಅವ್ವಾ, ಮುಟ್ಟೀನಿ. ಈಗ ಕಸ ಹೊಡೀರಿ.’ ಅಂದಿನಿಂದ ಅದೇ ರೂಢಿಯಾಯಿತು. ಪ್ರತಿ ಸಲ ಇಳಿದ ಕೂಡಲೇ ಫೋನು. ಆರಾಮಾಗಿ ಬಂದೆ ಎಂದಲ್ಲ, ಚಿಂತೆ ಮಾಡಬೇಡಿ ಎಂದಲ್ಲ. ‘ಕಸ ಹೊಡೀರಿ.’ ಅಷ್ಟೇ.

ಆಮೇಲೆ ಅವರು ಹೋಗುತ್ತಲೇ ಇದ್ದರು. ಎರಡು ವರ್ಷ ಅಲ್ಲಿ, ಎರಡು ತಿಂಗಳು ಇಲ್ಲಿ. ಪ್ರತಿ ಸಲ ‘ಇದೊಂದು ಸಲ’ ಎನ್ನುವರು. ಮನೆಯಲ್ಲಿ ಹೊಟ್ಟೆಗೆ ಬಟ್ಟೆಗೆ ಕೊರತೆ ಇತ್ತೆಂದೇನೂ ಅಲ್ಲ. ಕುರಿ ಇದ್ದವು, ಹೊಲ ಇತ್ತು, ನನ್ನದೂ ಒಂದಿಷ್ಟು ಬರುತ್ತಿತ್ತು. ಫರಸಿ ಕೆಲಸಕ್ಕೆ ಜಹೀರಾಬಾದಿನಲ್ಲೂ ಜನ ಕರೆಯುತ್ತಿದ್ದರು. ಆದರೆ ಅಷ್ಟು ದೊಡ್ಡ ನೆಲ ಹಾಸಿದ ಕೈಗೆ ಇಲ್ಲಿನ ಖೋಲಿಗಳು ಸಣ್ಣವಾಗಿ ಕಾಣುತ್ತಿದ್ದವೋ ಏನೋ. ಮನೆಗೆ ಬಂದ ಎರಡನೆಯ ವಾರಕ್ಕೆ ಅವರು ಗೋಡೆ ಗೋಡೆ ನೋಡುತ್ತಾ ಕೂರುವರು. ಹೋಗುವ ಮಾತು ಎತ್ತಿದ ದಿನವೇ ಅವರಿಗೆ ಹಸಿವಾಗುತ್ತಿತ್ತು. ಇದನ್ನು ಕಂಡು ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆ. ಮನೆಯಲ್ಲಿ ನಾನಿದ್ದೂ ಈ ಮನುಷ್ಯನಿಗೆ ಮನೆ ಖಾಲಿ ಅನಿಸುತ್ತದಲ್ಲ ಎಂದು.

ಒಂದು ಸಲ ರಜೆಗೆ ಬಂದವರು ನಮ್ಮ ಮನೆಗೂ ತಾಂಡೂರಿನಿಂದ ಕಲ್ಲು ತರಿಸಿ ಫರಸಿ ಹಾಸಿದರು. ಊರಿನವರೆಲ್ಲ ಬಂದು ನೋಡಿ ಹೋದರು. ಅತ್ತೆ ಬರಿಗಾಲಲ್ಲಿ ಓಡಾಡಿ ‘ತಂಪ ಅದ’ ಎಂದು ಹಿಗ್ಗಿದಳು. ಅದರ ಫಲ ಗೊತ್ತಾದದ್ದು ಅವರು ಮತ್ತೆ ಹೊರಟ ಮೇಲೆ. ಮಣ್ಣಿನ ನೆಲವಿದ್ದಾಗ ಕಸ ಎಷ್ಟೋ ಅದರೊಳಗೇ ಕರಗಿಹೋಗುತ್ತಿತ್ತು. ನೀಲಿ ಫರಸಿಯ ಮೇಲೆ ಜೋಳದ ರವುದಿಯ ಒಂದು ಒಣ ಚೂರು ಬಿದ್ದರೂ ಕಣ್ಣಿಗೆ ಚುಚ್ಚುತ್ತದೆ. ಗಂಡ ಹಾಸಿಕೊಟ್ಟ ನೆಲದ ಮೇಲೆ ಗಂಡ ಬಿಟ್ಟುಹೋದ ಕಸವನ್ನು ನೋಡುತ್ತಾ ಕೂರುವ ಭಾಗ್ಯ ನನ್ನದು.

ಒಂದು ವರ್ಷ ಅರಬರ ಊರಿನಲ್ಲಿ ಎಂಥದೋ ಬಿರುಮಳೆ ಬಂದು ವಿಮಾನಗಳೆಲ್ಲ ನಿಂತುಹೋದವು. ನಮ್ಮವರು ನಡುವೆ ಸಿಕ್ಕಿಕೊಂಡರು. ಫೋನಿನ ಚಾರ್ಜು ಮುಗಿದು ಅವರ ಸುದ್ದಿಯೂ ಇಲ್ಲ. ದಿನದ ಮೇಲೆ ದಿನ ಕಸ ಹಾಗೇ ಬಿತ್ತು. ಮನೆಯೊಳಗೇ ಕಟ್ಟಿದ್ದ ಒಂದು ಸಣ್ಣ ಮರಿ ಪಡಸಾಲೆಯ ತುಂಬ ತನ್ನ ಕೆಲಸ ಮಾಡಿಟ್ಟಿತ್ತು. ಅಂಥದ್ದರಲ್ಲೇ ನಾರಾಯಣಖೇಡದಿಂದ ನಾದಿನಿಯ ಅತ್ತೆ ಮಾವ ಬಂದರು. ಆ ಹೆಣ್ಣುಮಗಳು ಸೀರೆ ಎತ್ತಿ ಹಿಡಿದುಕೊಂಡು, ಕಸದ ನಡುವೆ ಹೆಜ್ಜೆ ಹುಡುಕುತ್ತಾ ಬಂದು, ‘ಟೀಚರಮ್ಮ ಮನ್ಯಾಗಿಲ್ಲೇನು?’ ಎಂದು ನನ್ನನ್ನೇ ಕೇಳಿದಳು. ನಾನು ನಾಚಿ ನೀರಾದೆ. ಅತ್ತೆ ಸೊಪ್ಪು ಹಾಕಲಿಲ್ಲ. ‘ನಮ್ಮ ಹುಡುಗ ಹಾದ್ಯಾಗ ಅದಾನ್ರಿ’ ಎಂದಳು. ಅವರಿಗೂ ಅಷ್ಟರಿಂದಲೇ ಅರ್ಥವಾಗಿ, ಕಂಬಳಿ ಹಾಸಿಸಿಕೊಂಡು ಅಂಗಳದಲ್ಲೇ ಚಹಾ ಕುಡಿದರು.

ನಾನು ಪದ್ಧತಿಯನ್ನು ನಂಬುವವಳಲ್ಲ. ಆದರೂ ಆ ದಿನಗಳಲ್ಲಿ, ಅತ್ತೆ ಹೊಲಕ್ಕೆ ಹೋಗಿ ಮನೆಯಲ್ಲಿ ನಾನೊಬ್ಬಳೇ ಇದ್ದಾಗಲೂ, ಕಸಬರಿಗೆ ಮುಟ್ಟಲಿಲ್ಲ. ಮೂಲೆಯಲ್ಲಿ ನಿಂತ ಅದನ್ನು ನೋಡಿ ದಾಟಿಹೋಗುತ್ತಿದ್ದೆ. ಓದಿದ್ದೆಲ್ಲ ಆಗ ಎಲ್ಲಿ ಹೋಗಿತ್ತೋ. ತರಗತಿಯಲ್ಲಿ ಮಕ್ಕಳಿಗೆ ಮೂಢನಂಬಿಕೆಯ ಪಾಠ ಮಾಡಿ ಬಂದು, ಮನೆಯಲ್ಲಿ ಹಿಕ್ಕೆಗಳ ಮಧ್ಯೆ ಕಾಲಿಡುತ್ತಿದ್ದೆ. ಬೀದರಿನಿಂದ ಏಳುವ ತರಬೇತಿ ವಿಮಾನಗಳು ನಮ್ಮ ತಲೆಯ ಮೇಲೆ ದಿನವಿಡೀ ಗುಂಯ್‌ಗುಡುತ್ತವೆ. ಒಂದೊಂದು ಸದ್ದಿಗೂ ಅತ್ತೆ ಅಂಗಳಕ್ಕೆ ಹೋಗಿ ಮೇಲೆ ನೋಡಿ ಬರುತ್ತಿದ್ದಳು. ಅವು ಎಲ್ಲಿಗೂ ಹೋಗುವುದಿಲ್ಲ, ಸುತ್ತು ಹಾಕಿ ಎದ್ದಲ್ಲಿಗೇ ಇಳಿಯುತ್ತವೆ ಎಂದು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ.

ಪ್ರತಿ ಸಲವೂ ಕಡೆಗೆ ಫೋನು ಬರುವುದು. ‘ಕಸ ಹೊಡೀರಿ.’ ಆಗ ನಮ್ಮಿಬ್ಬರ ಸಂಭ್ರಮ ನೋಡಬೇಕಿತ್ತು. ಅತ್ತೆ ಪಡಸಾಲೆಯಿಂದ, ನಾನು ಹಿತ್ತಲಿನಿಂದ, ಎರಡು ಕಸಬರಿಗೆ ಹಿಡಿದು ಇಡೀ ಮನೆ ಬಳಿದು ಹಾಕುತ್ತಿದ್ದೆವು. ಫರಸಿಯ ಮೇಲೆ ನೀರು ಸುರಿದು ಒರೆಸಿ, ಕೈಕಾಲು ತೊಳೆದು, ಸಕ್ಕರೆ ಜಾಸ್ತಿ ಹಾಕಿದ ಚಹಾ ಕುಡಿಯುತ್ತಿದ್ದೆವು. ಅತ್ತೆ ಅಕ್ಕಪಕ್ಕದವರಿಗೆಲ್ಲ ಕೂಗಿ ‘ನನ್ನ ಮಗ ಮುಟ್ಯಾನ’ ಎಂದು ಹೇಳಿ ಬರುತ್ತಿದ್ದಳು. ಮನೆ ಹಗುರಾಗುತ್ತಿತ್ತು. ಆಮೇಲೆ ಎರಡು ವರ್ಷ ಅವರ ಮುಖವಿಲ್ಲ ಎಂಬುದು ಆ ಹೊತ್ತಿಗೆ ನಮಗೆ ನೆನಪೇ ಆಗುತ್ತಿರಲಿಲ್ಲ.

ಹೋದ ಸಲ ಬಂದಾಗ ನಮ್ಮವರು ಇನ್ನು ಹೋಗುವುದಿಲ್ಲ ಎಂದರು. ಯಾರೂ ಕೇಳಿರಲಿಲ್ಲ, ತಾವಾಗಿಯೇ ಹೇಳಿದರು. ಮೊಣಕಾಲು ನೋಯುತ್ತವೆ, ದಿನಗಟ್ಟಲೆ ನೆಲದ ಮೇಲೆ ಮಂಡಿ ಊರಿ ಸಾಕಾಗಿದೆ ಎಂದರು. ಅತ್ತೆ ನಂಬಿದಳು. ನಾನೂ ನಂಬಿದೆ. ತೊಗರಿ ರಾಶಿ ಮಾಡಿದರು, ಕುರಿಹಟ್ಟಿಯ ಬೇಲಿ ಹೊಸದಾಗಿ ಕಟ್ಟಿದರು. ಜಹೀರಾಬಾದಿನಲ್ಲಿ ಎರಡು ಮನೆಗಳಿಗೆ ಫರಸಿ ಹಾಸಿದರು. ಸಂಜೆ ನಾನು ಟಂಟಂ ಇಳಿಯುವಾಗ ರಸ್ತೆಯ ಬದಿಯಲ್ಲಿ ನಿಂತಿರುತ್ತಿದ್ದರು. ಜೊತೆಯಲ್ಲಿ ನಡೆದುಕೊಂಡು ಬರುತ್ತಿದ್ದೆವು. ದೊಡ್ಡ ಮಾತೇನೂ ಇಲ್ಲ, ಯಾವ ಕುರಿ ಈಯಿತು, ಯಾವ ಹುಡುಗ ಶಾಲೆಗೆ ಬರಲಿಲ್ಲ, ಅಂಥವು. ನನ್ನ ಸಂಸಾರ ಶುರುವಾದದ್ದೇ ಆಗ ಎಂದು ನನಗೆ ಅನಿಸಿತ್ತು.

ಒಂದು ವರ್ಷವೂ ಆಗಿರಲಿಲ್ಲ. ಗುತ್ತೇದಾರನ ಫೋನುಗಳು ಬರತೊಡಗಿದವು. ಮೊದಲು ಮನೆಯೊಳಗೇ ಮಾತಾಡುತ್ತಿದ್ದರು, ಆಮೇಲೆ ಹಟ್ಟಿಯ ಹಿಂದೆ ಹೋಗಿ. ಒಂದು ದಿನ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತಾ, ತಲೆ ಎತ್ತದೆ, ‘ಇದೊಂದ್ ಸಲ ಹೋಗಿ ಬರ್ತೀನಿ. ಅವರಿಗಿ ಕೈಯಾಗ ಕಸಬು ಇದ್ದ ಮಂದಿ ಸಿಗವಲ್ಲರಂತ’ ಎಂದರು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಜಗಳವಾಡಲು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ ಅವರ ತಟ್ಟೆಗೆ ಇನ್ನೊಂದು ಸೌಟು ಪಲ್ಯ ಹಾಕಿದಳು. ‘ಹೋಗು’ ಎಂದಳು. ಅಷ್ಟು ಸುಲಭವಾಗಿ ಅವಳು ಯಾವತ್ತೂ ಹೋಗು ಎಂದಿರಲಿಲ್ಲ.

ಹೊರಟ ದಿನ ಭಾನುವಾರ, ನನಗೆ ಶಾಲೆ ಇರಲಿಲ್ಲ. ಬೆಳಿಗ್ಗೆಯೇ ಟಂಟಂ ಮನೆಯ ಮುಂದೆ ಬಂದು ನಿಂತಿತು. ನಮ್ಮವರು ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದರು, ನನ್ನ ಕಡೆ ನೋಡಿ ‘ಬರ್ಲೇನು’ ಎಂದರು. ಪ್ರತಿ ಸಲ ಬಸ್ಸಿನ ತನಕ ಹೋಗುತ್ತಿದ್ದ ಅತ್ತೆ ಈ ಸಲ ಅಂಗಳದಲ್ಲೇ ನಿಂತಳು. ನಾನು ಮೂಲೆಯ ತನಕ ಹೋಗಿ, ಟಂಟಂ ತಿರುವಿನಲ್ಲಿ ಮರೆಯಾಗುವುದನ್ನು ನೋಡಿ ತಿರುಗಿದೆ. ಅಂಗಳಕ್ಕೆ ಬರುವಷ್ಟರಲ್ಲಿ ಒಳಗಿನಿಂದ ಸದ್ದು ಕೇಳಿತು. ಫರಸಿಯ ಮೇಲೆ ಕಸಬರಿಗೆ ಆಡುವ ಸದ್ದು.

ಒಳಗೆ ಓಡಿದೆ. ಅತ್ತೆ ಸೆರಗು ನಡುವಿಗೆ ಸಿಕ್ಕಿಸಿ ಪಡಸಾಲೆ ಗುಡಿಸುತ್ತಿದ್ದಳು. ಅವರು ಕೂತು ಚಹಾ ಕುಡಿದ ಜಾಗ, ಚೀಲ ಕಟ್ಟುವಾಗ ಬಿದ್ದ ದಾರದ ತುಂಡು, ಎಲ್ಲ ಅವಳ ಮುಂದೆ ಗುಡ್ಡೆಯಾಗುತ್ತಿತ್ತು. ನಾನು ಅವಳ ಕೈ ಹಿಡಿದೆ.

‘ಅತ್ತಿ, ಏನ್ ಮಾಡಾಕ ಹತ್ತೀರಿ? ಇನ್ನಾ ಊರ್ ದಾಟಿಲ್ಲ ಅವರು!’

‘ಗೊತ್ತದ.’

‘ಹೆಣ ಹೋದ ಮ್ಯಾಗ ಹೊಡೀತಾರಂತ ನೀವೇ ಹೇಳಿದ್ರಿ.’

‘ನಾನೇ ಹೇಳೀನಿ.’ ಅವಳು ನನ್ನ ಕೈ ಬಿಡಿಸಿಕೊಂಡಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಬಹಳ ದಣಿದವರ ಮುಖ ಹೇಗಿರುತ್ತದೋ ಹಾಗಿತ್ತು. ‘ಕೇಳಿಲ್ಲಿ ಯವ್ವ. ಇಷ್ಟ್ ವರ್ಷ ನಾವ್ ಏನ್ ಕಾದೀವಿ? ಅಂವ ಅಲ್ಲಿ ಮುಟ್ಟೂದು ಕಾದೀವಿ. ಅಲ್ಲಿ ಮುಟ್ಟಿದ ಕೂಡ್ಲೇ ಕಸ ಹೊಡದು, ಚಾ ಕುಡದು, ಖುಷಿ ಪಟ್ಟೀವಿ. ನಮ್ಮಿಂದ ಎಷ್ಟ್ ದೂರ ಹೋಗ್ಬೇಕೋ ಅಷ್ಟ್ ದೂರ ಹೋದ ಮ್ಯಾಗ ನಮಗ ಸಮಾಧಾನ. ಹುಚ್ಚರೇನು ನಾವು? ನಮ್ಮತ್ತಿ ಕಾಲಕ್ಕ ಕುರಿ ಹಿಂದ ಹೋದವ ಮಳಿ ಬಿದ್ದ ಮ್ಯಾಗ ಬರ್ತಿದ್ದ. ಇಂವ ಹೋಗೂದೇ ಕಲ್ತಾನ. ಇಂವಂದು ಮುಟ್ಟೂದು ಕಾಯಾಕ ನನ್ನ ಕೈಲಿ ಆಗಲ್ಲ. ಸಾಕಾಗ್ಯಾದ.’

ಅತ್ತೆ ಗುಡಿಸುತ್ತಲೇ ಹೋದಳು. ಪಡಸಾಲೆ, ಅಡುಗೆಮನೆ, ಕಾಳಿನ ಖೋಲಿ. ಅತ್ತು ಕರೆದು ಮಾಡಿದ್ದರೆ ತಡೆಯಬಹುದಿತ್ತು. ದಿನದ ಕೆಲಸ ಮಾಡುವ ಹಾಗೆ, ಮೂಲೆ ಮೂಲೆಯನ್ನೂ ಬಿಡದೆ, ಮಾಡುತ್ತಿದ್ದಳು. ನಮ್ಮಿಬ್ಬರ ಖೋಲಿಯ ಬಾಗಿಲಿಗೆ ಬಂದು ನಿಂತಳು. ಒಳಗೆ ನೆಲದ ಮೇಲೆ ಅವರು ಬಿಟ್ಟ ಲುಂಗಿ, ಹರಿದ ಚೀಟಿಯ ಚೂರು, ಕಾಲಿನ ಧೂಳು. ಅತ್ತೆ ಹೊಸ್ತಿಲು ದಾಟಲಿಲ್ಲ. ಕಸಬರಿಗೆಯನ್ನು ಬಾಗಿಲಿಗೆ ಒರಗಿಸಿದಳು.

‘ಇದು ನಿಂದು’ ಎಂದಳು. ‘ನೀ ಕಾಯ್ತಿದ್ರ ಕಾಯಿ. ನಾ ಏನೂ ಅನ್ನಂಗಿಲ್ಲ.’

ಅವತ್ತು ಇಡೀ ದಿನ ನನಗೆ ಅತ್ತೆಯ ಮೇಲೆ ಕೆಟ್ಟ ಸಿಟ್ಟಿತ್ತು. ಹೆತ್ತವಳು ಹೀಗೆ ಮಾಡಬಹುದೇ? ಸಿಟ್ಟು ಅವಳ ಮೇಲಿಂದ ಗಂಡನ ಮೇಲೆ ಹೋಯಿತು, ಅಲ್ಲಿಂದ ನನ್ನ ಮೇಲೆ ಬಂತು. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಐದು ಸಾವಿರ ಕಿಲೋಮೀಟರನ್ನು ನಾನು ಒಂದೇ ಕಡೆಯಿಂದ ಅಳೆದಿದ್ದೆ. ಶಂಶಾಬಾದಿನಿಂದ ಆ ಊರು ಎಷ್ಟು ದೂರ ಎಂದು ಎಷ್ಟೋ ಸಲ ನೋಡಿದ್ದೇನೆ. ಆ ಊರಿನಿಂದ ಇಲ್ಲಿಗೆ ಎಷ್ಟು ದೂರ ಎಂದು ಒಮ್ಮೆಯೂ ನೋಡಿಲ್ಲ. ನೋಡಿದರೂ ಅದೇ ಸಂಖ್ಯೆ ಬರುತ್ತದೆ, ನನಗೆ ಗೊತ್ತು. ಆದರೆ ಅದು ಅದೇ ದೂರ ಅಲ್ಲ.

ಖೋಲಿಯೊಳಗೆ ಹೋಗಿ ಕೂತೆ, ಕಸಬರಿಗೆ ಎತ್ತಿದೆ, ಇಟ್ಟೆ. ಗುಡಿಸಿದರೆ ಅವರು ನನ್ನ ಪಾಲಿಗೆ ಹೋದಂತೆ. ಗುಡಿಸದಿದ್ದರೆ ಮತ್ತೆ ಎರಡು ವರ್ಷ, ಆಮೇಲೆ ಮತ್ತೆರಡು, ಹೀಗೇ ಕಾಯುತ್ತಾ ಕೂರಲು ಒಪ್ಪಿದಂತೆ. ಎರಡಕ್ಕೂ ನನ್ನಲ್ಲಿ ತ್ರಾಣವಿರಲಿಲ್ಲ. ಲುಂಗಿಯನ್ನೂ ಎತ್ತಿಡದೆ ಬಾಗಿಲು ಮುಂದೆ ಮಾಡಿ ಬಂದೆ. ರಾತ್ರಿ ಅತ್ತೆಯ ಪಕ್ಕದಲ್ಲಿ ಪಡಸಾಲೆಯಲ್ಲೇ ಹಾಸಿಕೊಂಡೆ. ಅವಳು ತನ್ನ ಕೌದಿಯ ಅರ್ಧ ನನ್ನ ಮೇಲೆ ಹಾಕಿದಳು.

ಸೋಮವಾರ ಶಾಲೆಗೆ ಹೋದೆ, ಬಂದೆ. ಏನು ಪಾಠ ಮಾಡಿದೆನೋ ನೆನಪಿಲ್ಲ. ಸಂಜೆ ಕುರಿಗಳು ಇನ್ನೂ ಹೊಲದಿಂದ ಬಂದಿರಲಿಲ್ಲ, ಅತ್ತೆ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಫೋನು ಬಂತು. ನಾನು ಸ್ಪೀಕರ್ ಹಾಕಿ ಅವಳ ಮುಂದೆ ಹಿಡಿದೆ.

‘ಅವ್ವಾ, ಮುಟ್ಟೀನಿ. ಕಸ ಹೊಡೀರಿ.’ ದಣಿದ ದನಿ, ಆದರೂ ನಗು ಇತ್ತು.

ಅತ್ತೆ ಮೊರ ಕೆಳಗಿಡಲಿಲ್ಲ. ‘ಹೊಡದಾದ. ನೀ ಹೊಂಟ ಕೂಡ್ಲೇ ಹೊಡದೀನಿ.’

ಆ ಕಡೆ ಹಿಂದಿನಿಂದ ಯಾವುದೋ ಭಾಷೆಯಲ್ಲಿ ಮೈಕು ಏನನ್ನೋ ಕೂಗುತ್ತಿತ್ತು, ಚೀಲಗಳ ಗಾಲಿಗಳು ಉರುಳುತ್ತಿದ್ದವು. ಆಮೇಲೆ ಸಣ್ಣ ಹುಡುಗನ ದನಿಯಲ್ಲಿ ಕೇಳಿದರು.

‘ಅವ್ವಾ, ನಾ ಇನ್ನಾ ಅದೀನಲ್ಲ?’

‘ಅದಿ’ ಎಂದಳು ಅತ್ತೆ. ‘ಅಲ್ಲಿ ಅದಿ.’

ಮೊರ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಹಟ್ಟಿಯ ಕಡೆ ಹೋದಳು. ನಾನು ಸ್ಪೀಕರ್ ತೆಗೆದು ಫೋನು ಕಿವಿಗೆ ಹಿಡಿದೆ.

‘ಅವ್ವ ಖರೇನೇ ಹೊಡದಾಳೇನು?’

‘ಹೂಂ ರಿ. ಪಡಸಾಲಿ, ಅಡಗಿಮನಿ, ಕಾಳಿನ ಖೋಲಿ, ಎಲ್ಲಾ ಹೊಡದಾರ.’

‘ನಮ್ಮ ಖೋಲಿ?’

‘ಅದು ನನಗ ಬಿಟ್ಟಾರ. ಹಂಗೇ ಅದ.’

ಊಟ ಆಯಿತೇ, ವ್ಯಾನು ಬಂತೇ ಎಂದು ಕೇಳುವುದು ನನ್ನ ರೂಢಿ. ಆ ದಿನ ಅವೆಲ್ಲ ಬಾಯಿಗೆ ಬರಲಿಲ್ಲ. ಮದುವೆಯಾದಾಗಿನಿಂದ ಕೇಳದೆ ಉಳಿಸಿಕೊಂಡಿದ್ದ ಒಂದೇ ಮಾತು ಬಂತು.

‘ಹೊಡೀಲೇನ್ರಿ?’

ಕೇಳಿ ನಾನು ಖೋಲಿಯ ಬಾಗಿಲಲ್ಲಿ ಹೋಗಿ ನಿಂತು, ಅವರು ಮಂಡಿ ಊರಿ ಹಾಸಿದ ಕಲ್ಲುಗಳನ್ನು, ಅವುಗಳ ಮೇಲಿನ ಧೂಳನ್ನು ನೋಡುತ್ತಿದ್ದೆ. ಹೂಂ ಎಂದರೆ ಹೊಡೆದೇಬಿಡುತ್ತಿದ್ದೆ, ಅದರಲ್ಲಿ ನನಗೆ ಅನುಮಾನವಿರಲಿಲ್ಲ.

‘ಬ್ಯಾಡ’ ಎಂದರು. ‘ಹೊಡೀಬ್ಯಾಡ. ನಾ ಇನ್ನಾ ಮುಟ್ಟಿಲ್ಲ.’